ಮಟ್ಟು ಮತ್ತು ಮಾತು: ಹಿಂದಿ ಚಲನಚಿತ್ರ ಗೀತರಚನೆಯ ಕಲೆ

13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ವು ಗೇಯರಚನೆಯಲ್ಲಿ ಧಾತು ಮತ್ತು ಮಾತು ಎಂಬ ಎರಡು ಅಂಗಗಳನ್ನು ಗುರುತಿಸುತ್ತದೆ. ಸ್ವರರಚನೆ ಧಾತು; ಪದರಚನೆ ಮಾತು. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಅನ್ಯರು ರಚಿಸಿದ ಧಾತುವಿಗೆ ಮಾತನ್ನು ಮಾತ್ರ ಹೊಂದಿಸಿಕೊಡುವವನಿಗೆ ಆ ಗ್ರಂಥವು ‘ಕುಟ್ಟಿಕಾರ’ನೆಂಬ ಬೇರೊಂದು ಹೆಸರನ್ನು ಕೊಟ್ಟಿದೆ. ವಾಗ್ಗೇಯಕಾರನಿಗೆ ಸಲ್ಲುವ ಪ್ರಶಂಸೆ ಇವನಿಗೆ ಸಲ್ಲುವುದಿಲ್ಲ. ಹಿಂದಿ ಚಲನಚಿತ್ರಗಳಿಗೆ ಒಂಬತ್ತು ದಶಕಗಳಿಂದ ಹಾಡು ಬರೆಯುತ್ತ ಬಂದಿರುವ ಕವಿಗಳಲ್ಲಿ ಬಹುಪಾಲು ಜನ ಈ ಅರ್ಥದಲ್ಲಿ ಕುಟ್ಟಿಕಾರರೇ ಆಗಿದ್ದಾರೆ. ಭಾರತೀಯ ಭಾಷೆಗಳ ಪದ್ಯಗಳಲ್ಲಿ ಅತ್ಯಂತ ಹೆಚ್ಚು ಜನರ ಬಾಯಿಯಲ್ಲಿ ನಿಂತಿರುವವುಗಳಲ್ಲಿ ಇವರ ರಚನೆಗಳೂ ಸೇರಿವೆ. ಆದರೆ ಸಾಹಿತ್ಯ ಚರಿತ್ರೆಗಳಲ್ಲಿ ಇವರಿಗೆ ದೊರೆತಿರುವ ಸ್ಥಳ ಅತ್ಯಲ್ಪ.

ಈ ರಚನೆಗಳ ಬಗ್ಗೆ ಬಂದಿರುವ ಬರಹಗಳು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತವೆ. ಒಂದು ಪಕ್ಷವು ಇವೆಲ್ಲವನ್ನೂ ‘ತುಕ್‌ಬಂದಿ’, ಅಂದರೆ ಕೇವಲ ಪ್ರಾಸಜೋಡಣೆ ಎಂದು ತಳ್ಳಿಹಾಕುತ್ತದೆ. ಇನ್ನೊಂದು ಪಕ್ಷವು ಪ್ರಸಿದ್ಧ ಉರ್ದು ಕವಿಗಳು ಬರೆದ ಕೆಲವೇ ಹಾಡುಗಳನ್ನು ಆಯ್ದು, ಅವು ಚಿತ್ರಗೀತೆಗಳೇ ಅಲ್ಲ, ಕವಿತೆಗಳು ಎಂದು ಹೊಗಳುತ್ತದೆ. ಚಿತ್ರಗೀತೆಯು ಚಿತ್ರಗೀತೆಯಾಗಿಯೇ ಒಂದು ಕಲೆಯಾಗಲಾರದೆಂಬ ಗೃಹೀತವು ಎರಡೂ ಪಕ್ಷಗಳಿಗೆ ಸಮಾನವಾಗಿದೆ. ಈ ಗೃಹೀತವನ್ನು ಪರಿಶೀಲಿಸಬೇಕಾದರೆ ಹಾಡು ಹೇಗೆ ಕಟ್ಟಲ್ಪಡುತ್ತದೆ, ಯಾವ ಒತ್ತಡಗಳ ನಡುವೆ ಅದರ ಪದಗಳು ಆಯ್ಕೆಯಾಗುತ್ತವೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ 1931ರಲ್ಲಿ ಬಿಡುಗಡೆಯಾದಾಗ ಅದರಲ್ಲಿ ಏಳು ಹಾಡುಗಳಿದ್ದವು. ಮರುವರ್ಷದ ‘ಇಂದ್ರಸಭಾ’ ಚಿತ್ರದಲ್ಲಿ ಹಾಡುಗಳ ಸಂಖ್ಯೆ ಸುಮಾರು ಎಪ್ಪತ್ತನ್ನು ಮುಟ್ಟಿತು. ಅದರ ಮೂಲ 19ನೆಯ ಶತಮಾನದ ನಡುವಿನಲ್ಲಿ ಲಖನೌದ ಆಗಾ ಹಸನ್ ಅಮಾನತ್ ಬರೆದ ಗೇಯನಾಟಕ. ಹಾಡೆಂಬುದು ಹಿಂದಿ ಚಿತ್ರಕ್ಕೆ ಹೊರಗಿನಿಂದ ಸೇರಿಸಿದ ಅಲಂಕಾರವಲ್ಲ, ಪಾರ್ಸಿ ರಂಗಭೂಮಿಯಿಂದ ಹುಟ್ಟಿನೊಂದಿಗೇ ಬಂದದ್ದು ಎಂಬುದಕ್ಕೆ ಇದು ಸಾಕ್ಷಿ. ಪಾರ್ಸಿ ಕಂಪನಿಗಳಲ್ಲಿ ಸಂಬಳಕ್ಕೆ ಬರೆಯುತ್ತಿದ್ದ ಮುನ್ಷಿಗಳ ಪದ್ಧತಿಯನ್ನೇ ಚಿತ್ರಸಂಸ್ಥೆಗಳು ಮುಂದುವರಿಸಿದವು. ಕನ್ನಡ ವೃತ್ತಿರಂಗಭೂಮಿಯನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವಲ್ಲ. ನಮ್ಮ ಕಂಪನಿ ನಾಟಕಗಳ ಪದಗಳ ನೆತ್ತಿಯಲ್ಲಿ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗುತ್ತಿದ್ದುದನ್ನೂ, ಆ ಮಟ್ಟು ಅನೇಕ ವೇಳೆ ಮರಾಠಿ ಅಥವಾ ಹಿಂದೂಸ್ತಾನಿ ನಾಟಕದ್ದೇ ಆಗಿರುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು. ಸಿದ್ಧ ಮಟ್ಟಿಗೆ ಮಾತು ಹೊಂದಿಸುವುದು ಸಿನಿಮಾದ ಆವಿಷ್ಕಾರವೇನೂ ಅಲ್ಲ.

ಸಿನಿಮಾ ಹೊಸದಾಗಿ ತಂದದ್ದು ಎರಡು ಸಂಗತಿಗಳನ್ನು. 1935ರ ‘ಧೂಪ್ ಛಾಂವ್’ ಚಿತ್ರದಿಂದ ಹಿನ್ನೆಲೆ ಗಾಯನದ ಪದ್ಧತಿ ಆರಂಭವಾಯಿತು. ನಟನ ಕಂಠದ ಮಿತಿಗೆ ಕಟ್ಟುಬಿದ್ದಿದ್ದ ಹಾಡು ಅದರಿಂದ ಬಿಡುಗಡೆ ಪಡೆಯಿತು. ಎರಡನೆಯದು ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚಿನ ಧ್ವನಿ ಹಿಡಿಸುತ್ತಿತ್ತು. ವಾದ್ಯವೃಂದದ ಮುನ್ನುಡಿ, ನಡುವಣ ವಾದನಗಳನ್ನು ಕಳೆದರೆ ಕವಿಗೆ ಉಳಿಯುತ್ತಿದ್ದುದು ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ. ನಮ್ಮ ಪಲ್ಲವಿಯನ್ನು ಹೋಲುವ ಒಂದು ‘ಮುಖಡಾ’, ಚರಣವನ್ನು ಹೋಲುವ ಎರಡು ಅಥವಾ ಮೂರು ‘ಅಂತರಾ’ ಎಂಬ ಚೌಕಟ್ಟು ಗಟ್ಟಿಯಾದುದರಲ್ಲಿ ಠುಮ್ರಿ, ಗಜಲ್, ಭಜನೆಗಳ ಪರಂಪರೆಗೆ ಎಷ್ಟು ಪಾಲಿದೆಯೋ ಈ ಅರಗಿನ ತಟ್ಟೆಗೂ ಅಷ್ಟೇ ಪಾಲಿದೆ. ತಟ್ಟೆ ಮರೆಯಾಗಿ ಕ್ಯಾಸೆಟ್ಟು, ಅಡಕಮುದ್ರಿಕೆಗಳು ಬಂದ ಮೇಲೂ ಈ ಚೌಕಟ್ಟು ಬಹುಕಾಲ ಅಳಿಯಲಿಲ್ಲ.

ಗಜಲಿನ ದ್ವಿಪದಿಗಳು ಒಂದರಿಂದೊಂದು ಸ್ವತಂತ್ರ. ಚಿತ್ರಗೀತೆಯ ಅಂತರಾಗಳು ಹಾಗಲ್ಲ. ಪ್ರತಿಯೊಂದು ಅಂತರಾ ಹೊಸ ಮಾತನ್ನು ಹೇಳಿ, ಕಡೆಯ ಸಾಲಿನಲ್ಲಿ ಮುಖಡಾದ ಪ್ರಾಸಕ್ಕೆ ಮರಳಿ, ಅದನ್ನು ಮತ್ತೊಮ್ಮೆ ಹಾಡಲು ಕಾರಣ ಒದಗಿಸಬೇಕು. ಮರಳಿ ಬರುವ ಮುಖಡಾ ಅದೇ ಪದಗಳಲ್ಲಿದ್ದರೂ ಪ್ರತಿ ಸಲವೂ ಅರ್ಥದಲ್ಲಿ ಒಂದಿಷ್ಟು ಬೆಳೆದಿರಬೇಕು. ಈ ಹಿಂತಿರುಗುವಿಕೆಯ ಸಾಲೇ ಗೀತರಚನಕಾರನ ಕಸುಬನ್ನು ಪರೀಕ್ಷಿಸುವ ಸ್ಥಳ. ಸಾಧಾರಣ ರಚನೆಗಳಲ್ಲಿ ಅದು ಪ್ರಾಸಕ್ಕಾಗಿ ಬಂದದ್ದೆಂದು ಕೇಳಿದ ಕೂಡಲೇ ಗೊತ್ತಾಗುತ್ತದೆ.

ಮುಂಬಯಿಯ ಸಂಗೀತ ಕೋಣೆಗಳಲ್ಲಿ ರೂಢಿಗೊಂಡ ಕ್ರಮ ಹೀಗಿದೆ. ನಿರ್ದೇಶಕ ಸನ್ನಿವೇಶವನ್ನು ವಿವರಿಸುತ್ತಾನೆ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಮೇಲೆ ಮಟ್ಟನ್ನು ನುಡಿಸಿ, ಅರ್ಥವಿಲ್ಲದ ಪದಗಳನ್ನೋ ಬರಿಯ ಅಕ್ಷರಗಳನ್ನೋ ತುಂಬಿ ಹಾಡಿ ತೋರಿಸುತ್ತಾನೆ. ಇದಕ್ಕೆ ‘ಡಮ್ಮಿ’ ಎಂದೂ, ಮಟ್ಟಿನ ಅಕ್ಷರವಿನ್ಯಾಸಕ್ಕೆ ‘ಮೀಟರ್’ ಎಂದೂ ಕರೆಯುವ ವಾಡಿಕೆಯಿದೆ. ಕವಿ ಆ ಮೀಟರಿಗೆ ಸರಿಯಾಗಿ ಪದ ಕೂರಿಸಬೇಕು. ಮೊದಲು ಗೋರಿ ತೋಡಿ ಆಮೇಲೆ ಅದರ ಅಳತೆಗೆ ಸರಿಹೊಂದುವ ಶವವನ್ನು ಹುಡುಕುವಂಥ ಕೆಲಸವಿದು ಎಂದು ಕೈಫಿ ಆಜ್ಮಿ ಅವರು ಹೇಳುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಮಾತು ಕಟುವಾಗಿದ್ದರೂ ಪೂರ್ತಿ ನ್ಯಾಯವಾದುದಲ್ಲ. ಮಟ್ಟು ಕೇವಲ ಅಳತೆಯಲ್ಲ. ಅದಕ್ಕೊಂದು ಭಾವವಿರುತ್ತದೆ, ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ದನಿ ಏರಬೇಕೆಂಬ ಸೂಚನೆಯಿರುತ್ತದೆ. ಒಳ್ಳೆಯ ಗೀತರಚನಕಾರ ಆ ಸೂಚನೆಗಳನ್ನು ಓದುತ್ತಾನೆ. ಏರುವ ಸ್ವರದ ಮೇಲೆ ಪ್ರಶ್ನೆ ಬಂದರೆ ಸಹಜ. ಇಳಿಯುವ ಸ್ವರದ ಮೇಲೆ ಬಂದರೆ ಅದು ಪ್ರಶ್ನೆಯಾಗಿ ಕೇಳುವುದಿಲ್ಲ. ದೀರ್ಘವಾಗಿ ಎಳೆಯುವ ಸ್ವರಕ್ಕೆ ‘ಆ’, ‘ಓ’ಗಳಂಥ ತೆರೆದ ಸ್ವರಾಕ್ಷರಗಳು ಬೇಕು. ವೇಗದ ನಡೆಯಲ್ಲಿ ಮಹಾಪ್ರಾಣಗಳೂ ಒತ್ತಕ್ಷರಗಳೂ ಗುಂಪುಗೂಡಿದರೆ ಗಾಯಕನ ನಾಲಗೆ ಎಡವುತ್ತದೆ.

ಹಿಂದಿಯಲ್ಲಿ ಅನೇಕ ಕ್ರಿಯಾಪದ, ನಾಮಪದಗಳು ದೀರ್ಘಸ್ವರದಲ್ಲಿ ಕೊನೆಗೊಳ್ಳುವುದರಿಂದ ಸಾಲಿನ ತುದಿಯಲ್ಲಿ ಸ್ವರವನ್ನು ಎಳೆಯುವುದು ಸುಲಭ. ಕನ್ನಡದ ಪದಗಳು ಹೆಚ್ಚಾಗಿ ಹ್ರಸ್ವದಲ್ಲಿ ಮುಗಿಯುತ್ತವೆ. ಹಿಂದಿ ಮಟ್ಟುಗಳಿಗೆ ಕನ್ನಡ ಪದ ಬರೆಯಬೇಕಾಗಿ ಬಂದ ನಮ್ಮ ಆರಂಭಕಾಲದ ಚಿತ್ರಸಾಹಿತಿಗಳು ಸಂಬೋಧನೆಯ ‘ಆ’ಕಾರವನ್ನೂ ಅವಧಾರಣೆಯ ‘ಏ’ಕಾರವನ್ನೂ ಪದೇಪದೇ ಆಶ್ರಯಿಸಿದ್ದಕ್ಕೆ ಕಾರಣ ಇದೇ. ಅದನ್ನು ಕೇವಲ ಕವಿಯ ದೌರ್ಬಲ್ಯವೆಂದು ಎಣಿಸುವುದು ಸರಿಯಲ್ಲ.

ಹಿಂದಿ ಗೀತರಚನೆಗೆ ಒದಗಿದ ಇನ್ನೊಂದು ಬಲ ಉರ್ದು ಛಂದಸ್ಸಿನದು. ಉರ್ದುವಿನ ‘ಬಹರ್’ ಲಘುಗುರುಗಳ ನಿಶ್ಚಿತ ವಿನ್ಯಾಸವನ್ನು ಆಧರಿಸಿದ್ದು, ಆ ಮಟ್ಟಿಗೆ ನಮ್ಮ ಅಕ್ಷರವೃತ್ತಗಳಿಗೆ ಸಮೀಪವಾಗಿದೆ. ಉದಾಹರಣೆಗೆ ‘ಮುತಕಾರಿಬ್’ ಎಂಬ ಬಹರಿನ ಪೂರ್ಣರೂಪದಲ್ಲಿ ಒಂದು ಲಘು ಎರಡು ಗುರುಗಳ ಗಣ ನಾಲ್ಕು ಬಾರಿ ಬರುತ್ತದೆ. ಇದು ನಾಲ್ಕು ಯಗಣಗಳ ಭುಜಂಗಪ್ರಯಾತವೇ ಹೊರತು ಬೇರೆಯಲ್ಲ. ಆದರೆ ಉರ್ದು ಕವಿಗೆ ಸಂಸ್ಕೃತ ಅಥವಾ ಕನ್ನಡ ಕವಿಗಿಲ್ಲದ ಒಂದು ಸ್ವಾತಂತ್ರ್ಯವಿದೆ. ಷಷ್ಠಿ ಮುಂತಾದ ವಿಭಕ್ತಿಸೂಚಕಗಳ ಮತ್ತು ಹಲವು ದೇಶ್ಯ ಪದಗಳ ಕಡೆಯ ದೀರ್ಘವನ್ನು ಅಗತ್ಯಬಿದ್ದಾಗ ಲಘುವಾಗಿ ಎಣಿಸಬಹುದು. ಬರಹದಲ್ಲಿ ದೀರ್ಘ, ಉಚ್ಚಾರದಲ್ಲಿ ಹ್ರಸ್ವ. ಈ ಸಡಿಲಿಕೆಯೇ ಕಟ್ಟುನಿಟ್ಟಾದ ಬಹರಿನಲ್ಲೂ ಆಡುಮಾತಿನ ಲಯವನ್ನು ಉಳಿಸಿಕೊಡುತ್ತದೆ. ಬಹರಿನಲ್ಲಿ ಪಳಗಿದ ಕಿವಿಯುಳ್ಳ ಕವಿಗೆ ಸಂಗೀತ ನಿರ್ದೇಶಕನ ಮೀಟರ್ ಹೊಸ ಬಂಧನವಾಗಿ ತೋರುವುದಿಲ್ಲ. ಅದು ಇನ್ನೊಂದು ಬಹರ್, ಅಷ್ಟೆ.

ಇದಕ್ಕೆ ಅತ್ಯುತ್ತಮ ನಿದರ್ಶನ 1957ರ ‘ಪ್ಯಾಸಾ’. ಬೆಂಗಳೂರಿನಲ್ಲಿ ಜನಿಸಿದ ಗುರುದತ್ ಪಡುಕೋಣೆ ನಿರ್ದೇಶಿಸಿ ನಟಿಸಿದ ಈ ಚಿತ್ರದ ನಾಯಕನೇ ಕವಿ. ಸಾಹಿರ್ ಲುಧಿಯಾನ್ವಿ ಅವರು ವೇಶ್ಯಾವಾಟಿಕೆಯನ್ನು ಕುರಿತು ‘ಚಕ್ಲೆ’ ಎಂಬ ಕವಿತೆಯನ್ನು ಮೊದಲೇ ಬರೆದಿದ್ದರು. ಅದು ಅವರ ‘ತಲ್ಖಿಯಾಂ’ ಸಂಕಲನದಲ್ಲಿದೆ. ಅದರ ಛಂದಸ್ಸು ಮೇಲೆ ಹೇಳಿದ ಮುತಕಾರಿಬ್. ಮೂಲದಲ್ಲಿ ಪ್ರತಿ ಪದ್ಯದ ಕೊನೆಗೂ ಮರಳುವ ಸಾಲು, ಪೌರಸ್ತ್ಯ ಜಗತ್ತಿನ ಪಾವಿತ್ರ್ಯವನ್ನು ಹಾಡಿ ಹೊಗಳುವವರು ಎಲ್ಲಿದ್ದಾರೆಂದು ಕೇಳುತ್ತದೆ. ಅದನ್ನು ಹೇಳಲು ಸಾಹಿರ್ ಪರ್ಷಿಯನ್ ಸಮಾಸರೀತಿಯ ಬಿಗಿಯಾದ ಪದಗುಚ್ಛವನ್ನು ಬಳಸಿದ್ದರು. ಮುಷಾಯಿರಾದ ಶ್ರೋತೃಗಳಿಗೆ ಅದು ತೊಡಕಲ್ಲ, ಚಿತ್ರಮಂದಿರದ ನಾಲ್ಕಾಣೆ ತರಗತಿಯ ಪ್ರೇಕ್ಷಕನಿಗೆ ಕಬ್ಬಿಣದ ಕಡಲೆ. ಚಿತ್ರಕ್ಕಾಗಿ ಸಾಹಿರ್ ಆ ಗುಚ್ಛವನ್ನು ತೆಗೆದು, ಅದೇ ನಾಲ್ಕು ಗಣಗಳ ಅಳತೆಯಲ್ಲಿ, ದೇಶದ ಬಗ್ಗೆ ಹೆಮ್ಮೆಪಡುವವರು ಎಲ್ಲಿದ್ದಾರೆಂಬ ಅರ್ಥ ಬರುವಂತೆ ದಿನಬಳಕೆಯ ಪದಗಳನ್ನು ಕೂರಿಸಿದರು.

ಈ ಬದಲಾವಣೆಯನ್ನು ಸರಳೀಕರಣವೆಂದಷ್ಟೇ ಕರೆದರೆ ಅದರ ಸ್ವರೂಪ ತಪ್ಪಿಹೋಗುತ್ತದೆ. ಮೂಲದ ಸಾಲು ಒಂದು ಅಮೂರ್ತ ನಾಗರಿಕತೆಯ ಆತ್ಮಪ್ರಶಂಸೆಯನ್ನು ಹಂಗಿಸುತ್ತಿತ್ತು. ಹೊಸ ಸಾಲು ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಒಂದು ನಿರ್ದಿಷ್ಟ ದೇಶದ ಮುಂದೆ ನಿಂತು ಪ್ರಶ್ನಿಸಿತು. ಪದ ಹಗುರವಾದಂತೆ ಏಟು ಭಾರವಾಯಿತು. ತನ್ನ ಶ್ರೇಷ್ಠ ಕವಿತೆಯೊಂದನ್ನು ತಾನೇ ತಿದ್ದಿ ಅದರ ಇರಿತವನ್ನು ಇಷ್ಟು ಹೆಚ್ಚಿಸಿದ ಉದಾಹರಣೆಗಳು ಪುಸ್ತಕ ಸಾಹಿತ್ಯದಲ್ಲೂ ವಿರಳ. ಎಸ್.ಡಿ. ಬರ್ಮನ್ ಅವರ ಸಂಗೀತ, ಮೊಹಮ್ಮದ್ ರಫಿಯವರ ಕಂಠ ಪದಗಳಿಗೆ ದಾರಿ ಬಿಟ್ಟು ಹಿಂದೆ ನಿಂತದ್ದೂ ಈ ಹಾಡಿನ ವೈಶಿಷ್ಟ್ಯ. ಚಿತ್ರದ ಯಶಸ್ಸಿನಲ್ಲಿ ಪದದ ಪಾಲೆಷ್ಟು, ಸ್ವರದ ಪಾಲೆಷ್ಟು ಎಂಬ ಮನಸ್ತಾಪದಿಂದ ಸಾಹಿರ್ ಮತ್ತು ಬರ್ಮನ್ ಅನಂತರ ಒಟ್ಟಿಗೆ ಕೆಲಸ ಮಾಡಲಿಲ್ಲ. ಧಾತು ಮಾತುಗಳ ತಕರಾರು ಶಾಸ್ತ್ರಗ್ರಂಥದಿಂದ ಇಳಿದು ಇಬ್ಬರು ಮಹಾನ್ ಕಲಾವಿದರನ್ನು ಬೇರ್ಪಡಿಸಿದ ಸಂದರ್ಭವಿದು.

1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಸಮಾವೇಶಗೊಂಡ ಪ್ರಗತಿಶೀಲ ಲೇಖಕರ ಸಂಘ ಮತ್ತು ಮುಂದೆ ಹುಟ್ಟಿದ ಜನನಾಟ್ಯ ಸಂಘಗಳಿಂದ ಸಾಹಿರ್, ಮಜ್ರೂಹ್ ಸುಲ್ತಾನ್‌ಪುರಿ, ಕೈಫಿ ಆಜ್ಮಿ, ಶೈಲೇಂದ್ರ ಮೊದಲಾದವರು ಚಿತ್ರರಂಗಕ್ಕೆ ಬಂದರು. ಇವರಿಗಿಂತ ಮೊದಲೇ ಗೀತೆಯ ರಾಜಕೀಯ ಶಕ್ತಿಯನ್ನು ತೋರಿಸಿದವರು ಕವಿ ಪ್ರದೀಪ್. 1943ರ ‘ಕಿಸ್ಮತ್’ ಚಿತ್ರದಲ್ಲಿ ಅವರು ಬರೆದ ವೃಂದಗೀತೆ ವಿದೇಶೀಯರನ್ನು ದೂರ ಸರಿಯಿರೆಂದು ಎಚ್ಚರಿಸುತ್ತದೆ. ಹಾಡಿನಲ್ಲಿ ಬರುವ ಹೆಸರುಗಳು ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನಿ, ಜಪಾನುಗಳವು. ಆದ್ದರಿಂದ ಸೆನ್ಸಾರ್ ಅದನ್ನು ಬಿಟ್ಟುಕೊಟ್ಟಿತು. ಪ್ರೇಕ್ಷಕರಿಗೆ ಯಾರನ್ನು ಕುರಿತದ್ದೆಂಬುದರಲ್ಲಿ ಸಂದೇಹವಿರಲಿಲ್ಲ. ಅದಕ್ಕೆ ದನಿಗೊಟ್ಟವರಲ್ಲಿ ಒಬ್ಬರು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಹೇಳುವುದೊಂದು, ಕೇಳಿಸುವುದೊಂದು ಎಂಬ ಈ ಉಪಾಯ ಧ್ವನಿಸಿದ್ಧಾಂತದ ಓದುಗರಿಗೆ ಹೊಸದಲ್ಲವಾದರೂ, ಪೊಲೀಸರ ಕಣ್ಣೆದುರಿಗೇ ಅದನ್ನು ಪ್ರಯೋಗಿಸಿದ ಧೈರ್ಯ ಗಣನೀಯ. ಮಜ್ರೂಹ್ ಅವರಿಗಾದರೋ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಸರ್ಕಾರವನ್ನು ಟೀಕಿಸಿದ ಕವಿತೆಗಾಗಿ ಸೆರೆಮನೆಯೇ ದೊರೆಯಿತು. 1993ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಗೀತರಚನೆಗಾಗಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರಾದರು.

ಚಿತ್ರಗೀತೆಯ ಭಾಷೆಯನ್ನು ಹಿಂದಿಯೆಂದು ಕರೆಯಬೇಕೋ ಉರ್ದುವೆಂದೋ ಎಂಬ ಚರ್ಚೆ ಹಳೆಯದು. ವಾಸ್ತವದಲ್ಲಿ ಸನ್ನಿವೇಶಕ್ಕೆ ತಕ್ಕಂತೆ ಭಾಷೆಯ ಸ್ತರವನ್ನು ಬದಲಿಸುವುದೇ ಕಸುಬು. ‘ಬೈಜು ಬಾವ್ರಾ’ (1952) ಚಿತ್ರಕ್ಕೆ ಕೃಷ್ಣಭಕ್ತಿಯ ಭಜನೆ ಬರೆದ ಶಕೀಲ್ ಬದಾಯೂನಿಯವರೇ ‘ಮೊಗಲ್-ಎ-ಆಜಂ’ (1960) ಚಿತ್ರಕ್ಕೆ ದರ್ಬಾರಿನ ಉರ್ದುವನ್ನೂ, ‘ಗಂಗಾ ಜಮುನಾ’ (1961) ಚಿತ್ರಕ್ಕೆ ಅವಧಿಯ ಸೊಗಡನ್ನೂ ತಂದರು. ಉರ್ದು ಕವಿಯಾದ ಸಾಹಿರ್ ‘ಚಿತ್ರಲೇಖಾ’ (1964) ಚಿತ್ರಕ್ಕೆ ಸಂಸ್ಕೃತಭೂಯಿಷ್ಠ ಹಿಂದಿಯಲ್ಲಿ ಬರೆದರು. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಆಧರಿಸಿದ ‘ಬಸಂತ್ ಬಹಾರ್’ (1956) ಚಿತ್ರದಲ್ಲಿ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಹಾಡಿದ ಸ್ಪರ್ಧೆಯ ಗೀತೆಗೆ ಶೈಲೇಂದ್ರ ಹೂವುಗಳ ಹೆಸರುಗಳನ್ನು ಪೋಣಿಸಿ ಬಂದಿಶ್‌ನಂಥದೇ ರಚನೆ ಮಾಡಿದರು. ಅಲ್ಲಿ ಪದ ಹಿಂದೆ ಸರಿದು ರಾಗಕ್ಕೆ ಎಡೆಗೊಡಬೇಕಾಗಿತ್ತು. ಹಿಂದೆ ಸರಿಯುವುದೂ ಗೀತರಚನಕಾರ ಕಲಿಯಬೇಕಾದ ವಿದ್ಯೆಯೇ.

ಶೈಲೇಂದ್ರರ ವಿಷಯವನ್ನು ಇನ್ನಷ್ಟು ವಿವರವಾಗಿ ನೋಡುವುದು ಅಗತ್ಯ. ಮುಂಬಯಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ ಅವರು ರಾಜ್ ಕಪೂರರ ಆಹ್ವಾನವನ್ನು ಮೊದಲು ನಿರಾಕರಿಸಿ, ಅನಂತರ ಹಣದ ಅಗತ್ಯದಿಂದ ‘ಬರ್ಸಾತ್’ (1949) ಚಿತ್ರಕ್ಕೆ ಬರೆದರು. ಅವರ ಶಕ್ತಿಯಿರುವುದು ರೂಪಕಗಳಲ್ಲಲ್ಲ, ರೂಪಕಗಳ ಗೈರುಹಾಜರಿಯಲ್ಲಿ. ಕಬೀರ ಮತ್ತು ಜನಪದ ಗಾಯಕರಂತೆ ಅವರು ಎಲ್ಲರಿಗೂ ಗೊತ್ತಿರುವ ಪದಗಳಿಂದಲೇ ಕೆಲಸ ತೆಗೆಯುತ್ತಾರೆ. ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿದ ‘ಗೈಡ್’ (1965) ಚಿತ್ರದ ಗೀತೆಗಳಲ್ಲಿ ನಾಯಕಿಯ ಬಿಡುಗಡೆ, ನಾಯಕನ ಪಶ್ಚಾತ್ತಾಪ, ಪಯಣಿಗನ ಒಂಟಿತನ ಮೂರಕ್ಕೂ ಬೇರೆಬೇರೆ ನುಡಿಗಟ್ಟುಗಳಿವೆ. ಫಣೀಶ್ವರನಾಥ ರೇಣು ಅವರ ಕಥೆಯನ್ನು ಶೈಲೇಂದ್ರ ತಾವೇ ‘ತೀಸ್ರಿ ಕಸಮ್’ (1966) ಎಂಬ ಚಿತ್ರವಾಗಿ ನಿರ್ಮಿಸಿದರು. ಅದರ ನಾಯಕ ಹೀರಾಮನ್ ಎತ್ತಿನ ಗಾಡಿ ಹೊಡೆಯುವವನು. ತನಗೆ ಗೊತ್ತಿರುವ ಲೋಕಗೀತೆಗಳ ಮೂಲಕವೇ ಅವನು ಲೋಕವನ್ನು ಅರಿಯುತ್ತಾನೆ. ಅಂಥವನ ಬಾಯಿಗೆ ಕವಿಯ ಪಾಂಡಿತ್ಯ ಒಂದು ಅಕ್ಷರವೂ ನುಸುಳದಂತೆ ಬರೆಯುವುದು ಗಜಲ್ ಬರೆಯುವುದಕ್ಕಿಂತ ಕಷ್ಟ. ಚಿತ್ರ ಬಿಡುಗಡೆಯಲ್ಲಿ ಸೋತಿತು. ಸಾಲದ ಹೊರೆಯ ನಡುವೆ ಶೈಲೇಂದ್ರ 1966ರ ಡಿಸೆಂಬರ್ 14ರಂದು ನಿಧನರಾದರು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆತಾಗ ನಿರ್ಮಾಪಕ ಬದುಕಿರಲಿಲ್ಲ.

ಪಾತ್ರದ ಬಾಯಿಯಿಂದ ಮಾತನಾಡುವ ಈ ಶಿಸ್ತನ್ನು ಮುಂದೆ ಅತ್ಯಂತ ವ್ಯಾಪಕವಾಗಿ ಬಳಸಿದವರು ಆನಂದ್ ಬಕ್ಷಿ (ಮರಣ 2002). ಮೂರು ಸಾವಿರಕ್ಕೂ ಹೆಚ್ಚು ಹಾಡು ಬರೆದ ಅವರನ್ನು ವಿಮರ್ಶೆ ಹೆಚ್ಚಾಗಿ ಉಪೇಕ್ಷಿಸಿದೆ. ಅವರ ಸಾಲುಗಳನ್ನು ಕಾಗದದ ಮೇಲೆ ಓದಿದರೆ ಬಡವಾಗಿ ಕಾಣುವುದುಂಟು. ಸಂಭಾಷಣೆ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಬೆಸೆಯುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಪುಟದ ಮೇಲಿನ ಓದೇ ಪ್ರಮಾಣವಾದರೆ ಇಂಥ ಕಲೆಗೆ ಅನ್ಯಾಯವಾಗುತ್ತದೆ.

ಬಿಮಲ್ ರಾಯ್ ಅವರ ‘ಬಂದಿನಿ’ (1963) ಚಿತ್ರದಿಂದ ಗೀತರಚನೆಗೆ ಬಂದ ಗುಲ್ಜಾರ್ ಇದಕ್ಕೆ ವಿರುದ್ಧ ದಿಕ್ಕಿನವರು. ಅವರು ಇಂದ್ರಿಯಗಳನ್ನು ಅದಲುಬದಲು ಮಾಡಿ, ಅಪರಿಚಿತ ಪ್ರತಿಮೆಗಳನ್ನು ಹಾಡಿಗೆ ತಂದರು. ‘ಇಜಾಜತ್’ (1987) ಚಿತ್ರಕ್ಕೆ ಅವರು ಕೊಟ್ಟ ಒಂದು ರಚನೆಯಲ್ಲಿ ಅಂತ್ಯಪ್ರಾಸವಾಗಲಿ ಸಮಸಾಲುಗಳಾಗಲಿ ಇಲ್ಲ. ಬಿಟ್ಟುಹೋದ ವಸ್ತುಗಳನ್ನು ಹಿಂದಿರುಗಿಸೆಂದು ಕೇಳುವ ಪತ್ರದ ಧಾಟಿ ಅದರದು. ಇನ್ನು ಮುಂದೆ ದಿನಪತ್ರಿಕೆಯನ್ನೇ ತಂದು ರಾಗ ಹಾಕೆನ್ನುವಿರೆಂದು ಆರ್.ಡಿ. ಬರ್ಮನ್ ಹಾಸ್ಯ ಮಾಡಿದರೆಂಬ ಕಥೆ ಜನಜನಿತ. ಅದೇ ಗೀತೆಗೆ ರಚನೆ, ಗಾಯನಗಳೆರಡರಲ್ಲೂ ರಾಷ್ಟ್ರಪ್ರಶಸ್ತಿ ಬಂದಿತು. ಇಲ್ಲಿ ಮಟ್ಟೇ ಮಾತಿಗೆ ಕುಟ್ಟಿಕಾರನಾಯಿತೆನ್ನಬಹುದು. 2023ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಗುಲ್ಜಾರರ ಹೆಸರೂ ಆಯ್ಕೆಯಾದದ್ದು, ಉರ್ದು ಕವಿಯೆಂಬ ನೆಲೆಯಲ್ಲೇ ಆದರೂ, ಪುಸ್ತಕ ಮತ್ತು ಚಿತ್ರಗಳ ನಡುವಣ ಗೋಡೆ ತೆಳುವಾಗಿರುವುದರ ಸೂಚನೆ.

1990ರ ದಶಕದ ಅನಂತರ ಬದಲಾದದ್ದು ಬಹಳ. ತೆರೆಯ ಮೇಲೆ ಪಾತ್ರ ತುಟಿಯಾಡಿಸಿ ಹಾಡುವ ಪದ್ಧತಿ ಕಡಿಮೆಯಾಗಿ, ಹಾಡು ದೃಶ್ಯದ ಹಿನ್ನೆಲೆಗೆ ಸರಿಯುತ್ತಿದೆ. ಇದರಿಂದ ಹಾಡುವವರು ಯಾರೆಂಬ ಪ್ರಶ್ನೆಯೇ ಸಡಿಲವಾಯಿತು. ಪಾತ್ರದ ನುಡಿಗಟ್ಟಿಗೆ ಬದ್ಧವಾಗಿರಬೇಕಾದ ಒತ್ತಡ ಹೋಗಿ, ಕವಿಗೆ ನಿರೂಪಕನ ಸ್ವಾತಂತ್ರ್ಯ ದೊರೆಯಿತು. ಲಾಭದೊಂದಿಗೆ ನಷ್ಟವೂ ಇದೆ: ಯಾವ ಚಿತ್ರಕ್ಕಾದರೂ ಸಲ್ಲುವ, ಆದ್ದರಿಂದ ಯಾವ ಚಿತ್ರಕ್ಕೂ ಸೇರದ ಹಾಡುಗಳು ಹೆಚ್ಚಿವೆ. ಇದರ ನಡುವೆಯೂ ಸ್ವಾನಂದ್ ಕಿರ್ಕಿರೆ, ಪ್ರಸೂನ್ ಜೋಶಿ, ಇರ್ಷಾದ್ ಕಾಮಿಲ್, ಕೌಸರ್ ಮುನೀರ್ ಅವರಲ್ಲಿ ಗಂಭೀರ ಪ್ರಯತ್ನಗಳನ್ನು ಕಾಣಬಹುದು. ‘ಮಸಾನ್’ (2015) ಚಿತ್ರದಲ್ಲಿ ವರುಣ್ ಗ್ರೋವರ್ ಹಿಂದಿ ಕವಿ ದುಷ್ಯಂತ್ ಕುಮಾರರ ದ್ವಿಪದಿಯೊಂದನ್ನು ಮುಖಡಾವಾಗಿಸಿಕೊಂಡು ಅಂತರಾಗಳನ್ನು ತಾವು ಬೆಳೆಸಿದ್ದಾರೆ.

ಈ ಕಲೆಯ ಚರಿತ್ರೆಯಲ್ಲಿ ಹೆಸರು ಮತ್ತು ಹಕ್ಕುಗಳ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿತು. ಅದೇ ವರ್ಷ ರೇಡಿಯೊ ಸಿಲೋನ್ ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿ ಆ ಶ್ರೋತೃಗಳನ್ನು ಸೆಳೆದುಕೊಂಡಿತು. 1957ರಲ್ಲಿ ವಿವಿಧಭಾರತಿ ಬಂದ ಮೇಲೆ ಹಾಡು ದೃಶ್ಯವನ್ನು ಬಿಟ್ಟು ಮನೆಮನೆಯಲ್ಲಿ ಸ್ವತಂತ್ರವಾಗಿ ಬಾಳತೊಡಗಿತು. ಗಾಯಕರ, ಸಂಗೀತ ನಿರ್ದೇಶಕರ ಹೆಸರಿನ ಜೊತೆಗೆ ಗೀತರಚನಕಾರನ ಹೆಸರನ್ನೂ ಬಾನುಲಿಯಲ್ಲಿ ಹೇಳಬೇಕೆಂದು ಒತ್ತಾಯಿಸಿದವರಲ್ಲಿ ಸಾಹಿರ್ ಪ್ರಮುಖರು. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಗೀತರಚನೆಗೆ ಪ್ರತ್ಯೇಕ ಸ್ಥಾನ ದೊರೆತದ್ದು 1959ರಲ್ಲಿ; ಮೊದಲ ಪ್ರಶಸ್ತಿ ಶೈಲೇಂದ್ರರಿಗೆ. ರಾಷ್ಟ್ರಪ್ರಶಸ್ತಿಗಳಲ್ಲಿ ಇದು ಸೇರಿದ್ದು ಇನ್ನೂ ತಡವಾಗಿ, 1968ನೆಯ ಸಾಲಿನಿಂದ. ಅದರ ಮೊದಲ ಗೌರವ ತಮಿಳಿನ ಕಣ್ಣದಾಸನ್ ಅವರದು.

ಹೆಸರಿಗಿಂತ ಹಕ್ಕು ದುಬಾರಿಯಾಗಿತ್ತು. ಹಣ ಕೊಟ್ಟು ಬರೆಸಿದ ಗೀತೆಗೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಚಿತ್ರದ ನಿರ್ಮಾಪಕನೇ ಮೊದಲ ಒಡೆಯನೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಇದರಿಂದ, ಬರೆದ ದಿನ ಕೈಗೆ ಬಂದ ಹಣವೇ ಬಹುತೇಕ ಕವಿಗಳಿಗೆ ಕೊನೆಯ ಹಣವಾಯಿತು. ಹಾಡು ಕ್ಯಾಸೆಟ್ಟಿನಲ್ಲಿ, ದೂರದರ್ಶನದಲ್ಲಿ, ಜಾಹೀರಾತಿನಲ್ಲಿ ಗಳಿಸಿದ್ದರಲ್ಲಿ ಅವರಿಗೆ ಪಾಲಿರಲಿಲ್ಲ. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಜಾವೇದ್ ಅಖ್ತರ್ ಮೊದಲಾದವರ ಪ್ರಯತ್ನದಿಂದ 1957ರ ಕೃತಿಸ್ವಾಮ್ಯ ಕಾಯಿದೆಗೆ ಮಾಡಿದ ತಿದ್ದುಪಡಿ 2012ರ ಜೂನ್ 21ರಂದು ಜಾರಿಗೆ ಬಂತು. ಅದರಂತೆ, ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಪ್ರದರ್ಶನವಾಗುವುದರ ಹೊರತಾಗಿ ಗೀತೆಯ ಬೇರಾವುದೇ ಬಳಕೆಯಿಂದ ಬರುವ ಗೌರವಧನದ ಸಮಪಾಲನ್ನು ಗೀತರಚನಕಾರ ಬಿಟ್ಟುಕೊಡುವಂತೆಯೇ ಇಲ್ಲ. ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟ ಕರಾರು ಅಸಿಂಧು. ಭಾರತೀಯ ಪ್ರದರ್ಶನ ಹಕ್ಕುಗಳ ಸಂಸ್ಥೆಯು 2017ರಲ್ಲಿ ಕೃತಿಸ್ವಾಮ್ಯ ಸಂಘವಾಗಿ ಮತ್ತೆ ನೋಂದಣಿಗೊಂಡ ಮೇಲೆ ಈ ಹಣದ ಹಂಚಿಕೆ ಕ್ರಮಬದ್ಧವಾಗತೊಡಗಿತು. ಶೈಲೇಂದ್ರ ತೀರಿಕೊಂಡು ಆ ಹೊತ್ತಿಗೆ ಐವತ್ತೊಂದು ವರ್ಷಗಳಾಗಿದ್ದವು.